ಓಣಿಯ ಪುಸ್ತಕಮನೆ: ಮಕ್ಕಳು ಬರುವಂತೆ, ಬರುತ್ತಲೇ ಇರುವಂತೆ

ಬಳ್ಳಾರಿಯ ಕೌಲ್ ಬಜಾರಿನಂಥ ಬಡ ಓಣಿಗಳ ಕಡೆ ಮಕ್ಕಳ ಗ್ರಂಥಾಲಯಕ್ಕೆಂದು ಒಂದು ಕೋಣೆ ಹಿಡಿದು, ಬೀರು ತಂದಿಟ್ಟು, ನಾಲ್ಕುನೂರು ಪುಸ್ತಕ ತುಂಬಿ ಟೇಪು ಕತ್ತರಿಸಿದರೆ ಮೊದಲ ವಾರ ಕಾಲಿಡಲು ಜಾಗ ಇರುವುದಿಲ್ಲ. ನಾಲ್ಕನೇ ವಾರಕ್ಕೆ ಆರೇಳು ಮಕ್ಕಳು ಉಳಿಯುತ್ತಾರೆ. ಮೂರನೇ ತಿಂಗಳಿಗೆ ಬೀರುವಿಗೆ ಬೀಗ ಬಿದ್ದು, ಕೋಣೆಯಲ್ಲಿ ಗಣಪತಿ ಹಬ್ಬದ ಶಾಮಿಯಾನ ಮಡಚಿಟ್ಟಿರುತ್ತದೆ. "ಇಲ್ಲಿನ ಹುಡುಗರಿಗೆ ಓದೋ ಆಸಕ್ತಿನೇ ಇಲ್ಲ ಬಿಡ್ರಿ" ಎನ್ನುವ ಮಾತು ಹುಟ್ಟುವುದು ಆಗ. ಆದರೆ ಮೊದಲ ವಾರ ಬಾಗಿಲಲ್ಲಿ ನೂಕಾಡಿದವರೂ ಇದೇ ಹುಡುಗರು. ಅವರನ್ನು ಹಿಂದಕ್ಕೆ ಕಳಿಸುವ ಕಾರಣಗಳು ಹೆಚ್ಚಿಲ್ಲ: ಬಾಗಿಲು ತೆರೆಯುವ ಹೊತ್ತು, ಪುಸ್ತಕದ ಮಟ್ಟ, ಕಂಕುಳಲ್ಲಿರುವ ತಮ್ಮ ಇಲ್ಲವೇ ತಂಗಿ. ಇವೆಲ್ಲಕ್ಕಿಂತ ದೊಡ್ಡದು, ಪುಸ್ತಕ ಹರಿದರೆ ಏನು ಗತಿ ಎಂಬ ಹೆದರಿಕೆ. ಒಂದೊಂದಕ್ಕೂ ಮಾಡಬೇಕಾದ್ದು ಏನೆಂದು ಕೆಳಗಿದೆ. ರಾಯಚೂರು, ಕೊಪ್ಪಳದ ಓಣಿಗಳಿಗೂ ಇದರಲ್ಲಿ ಬಹಳಷ್ಟು ಹೊಂದುತ್ತದೆ.

ಓಣಿ ಸುತ್ತುವುದು ಮೊದಲು, ಕೋಣೆ ಆಮೇಲೆ

ಕೋಣೆ ಗೊತ್ತು ಮಾಡುವ ಮುಂಚೆ ಒಂದು ವಾರ, ಬೆಳಿಗ್ಗೆ 7ಕ್ಕೆ, ಸಂಜೆ 4.30ಕ್ಕೆ ಮತ್ತು 6.30ಕ್ಕೆ ಓಣಿಯಲ್ಲಿ ಒಂದು ಸುತ್ತು ಹಾಕಿ. ಯಾವ ಹೊತ್ತಿಗೆ ಎಷ್ಟು ಮಕ್ಕಳು ಎಲ್ಲಿ ಏನು ಮಾಡುತ್ತಿದ್ದಾರೆಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಜೀನ್ಸ್ ಹೊಲಿಗೆ ನಡೆಯುವ ಮನೆಗಳಲ್ಲಿ ಶಾಲೆ ಬಿಟ್ಟ ಮೇಲೆ ಮಕ್ಕಳ ಕೈಗೆ ಪುಟ್ಟ ಕತ್ತರಿ ಬರುತ್ತದೆ. ಪ್ಯಾಂಟಿನ ಹೊಲಿಗೆಯಿಂದ ಇಣುಕುವ ದಾರ ಕತ್ತರಿಸುವ ಕೆಲಸ ಅವರದು. ಮುಸ್ಲಿಂ ಮನೆಗಳ ಮಕ್ಕಳು ದಿನದ ಒಂದು ಹೊತ್ತು ಅರಬಿ ಪಾಠಕ್ಕೆ ಹೋಗುತ್ತಾರೆ. ನೀರು ಬಿಡುವ ದಿನ ಹತ್ತು ವರ್ಷ ದಾಟಿದ ಹೆಣ್ಣುಮಕ್ಕಳು ಬೇರೆಲ್ಲೂ ಸಿಗುವುದಿಲ್ಲ, ಕೊಡಗಳ ಸಾಲಿನಲ್ಲೇ ಇರುತ್ತಾರೆ. "ಸಂಜೆ 5ರಿಂದ 7" ಎಂಬ ಬೋರ್ಡನ್ನು ಮೊದಲೇ ಬರೆಸಿಟ್ಟುಕೊಂಡು ಹೋದವರಿಗೆ ಈ ಮಕ್ಕಳು ಯಾರೂ ಕಾಣುವುದಿಲ್ಲ.

ಹತ್ತು ವರ್ಷದೊಳಗಿನ ಮಗು ಮುಖ್ಯ ರಸ್ತೆಯನ್ನಾಗಲಿ ರೈಲು ಹಳಿಯನ್ನಾಗಲಿ ಒಂಟಿಯಾಗಿ ದಾಟಿ ಬರುವುದಿಲ್ಲ, ತಾಯಿ ಕಳಿಸುವುದೂ ಇಲ್ಲ. ಆದ್ದರಿಂದ ಒಂದು ಗ್ರಂಥಾಲಯದ ವ್ಯಾಪ್ತಿ ಎಂದರೆ ಹೆಚ್ಚೆಂದರೆ ಐದು ನಿಮಿಷದ ನಡಿಗೆ. ಅದರಾಚೆಗೂ ಮಕ್ಕಳಿದ್ದರೆ ದೊಡ್ಡ ಕಟ್ಟಡ ಹುಡುಕುವ ಬದಲು ಐವತ್ತು ಪುಸ್ತಕ ಹಿಡಿಯುವ ಒಂದು ಟ್ರಂಕು ತೆಗೆದುಕೊಂಡು, ವಾರಕ್ಕೆರಡು ದಿನ ಅಲ್ಲಿಗೇ ಹೋಗುವುದು ಲೇಸು.

ಕೋಣೆ ಯಾರದು ಎಂಬುದು ಎಷ್ಟು ದೊಡ್ಡದು ಎಂಬುದಕ್ಕಿಂತ ಮುಖ್ಯ. ಗುಡಿಯ ಪಕ್ಕದ ಕೋಣೆ ಬಾಡಿಗೆಯಿಲ್ಲದೆ ಸಿಗಬಹುದು, ದರ್ಗಾದ ಅಂಗಳವೂ ಸಿಗಬಹುದು. ಆದರೆ ಯಾವ ಮಕ್ಕಳು ಆ ಹೊಸ್ತಿಲು ದಾಟುವುದಿಲ್ಲ ಎಂದು ಮೊದಲು ಲೆಕ್ಕ ಹಾಕಿ. ಒಂದು ಜಾತಿಯ ಹಿರಿಯರ ಮನೆಯ ಪಡಸಾಲೆಯಲ್ಲಿ ತೆರೆದರೆ ಉಳಿದ ಜಾತಿಯ ಮಕ್ಕಳು ಬೀದಿಯಲ್ಲೇ ನಿಂತು ನೋಡಿ ಹೋಗುತ್ತಾರೆ. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ, ನೀವೇ ಊಹಿಸಬೇಕು. ಸಮುದಾಯ ಭವನ, ಶಾಲೆಯ ಒಂದು ಕೋಣೆ, ಸಂಜೆ 4ರ ಮೇಲೆ ಖಾಲಿಯಾಗುವ ಅಂಗನವಾಡಿ ಇವು ಮೂರರಲ್ಲಿ ಒಂದು ಸಿಕ್ಕರೆ ವಾಸಿ. ಹತ್ತಡಿಗೆ ಹನ್ನೆರಡಡಿಯ ಕೋಣೆಯಲ್ಲಿ 15ರಿಂದ 18 ಮಕ್ಕಳು ಆರಾಮಾಗಿ ಕೂರಬಹುದು. ಅದಕ್ಕಿಂತ ಹೆಚ್ಚು ಬಂದರೆ ಎರಡು ಪಾಳಿ ಮಾಡಿ.

ತಗಡಿನ ಚಾವಣಿಯಿದ್ದರೆ ಮಾರ್ಚಿನಿಂದ ಮೇ ಕೊನೆಯವರೆಗೆ ಸಂಜೆ ಆರಾದರೂ ಒಳಗೆ ಕಾಲಿಡಲಾಗದು. ಆ ಮೂರು ತಿಂಗಳು ಹೊತ್ತನ್ನೇ ಬದಲಿಸಿ. ಮಾರ್ಚಿನಲ್ಲಿ ಸಂಜೆ 6.30ರ ಮೇಲೆ ತೆರೆಯಿರಿ. ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಿದ್ದ ಮೇಲೆ ಬೆಳಿಗ್ಗೆ 7ರಿಂದ 9.30. ಬಾಗಿಲ ಬಳಿ ನಲ್ಲಿಯಿರುವ ಒಂದು ನೀರಿನ ಮಡಿಕೆ ಇಡಿ. ಬೇಸಿಗೆಯಲ್ಲಿ ಅರ್ಧ ಮಕ್ಕಳು ತಣ್ಣೀರಿಗಾಗಿಯೇ ಬರುತ್ತಾರೆ, ಬರಲಿ. ಚಪ್ಪಲಿಯನ್ನು ಒಳಗೇ, ಕಣ್ಣಿಗೆ ಬೀಳುವಂತೆ ಇಡಿಸಿ. ಹೊರಗೆ ಬಿಟ್ಟ ಚಪ್ಪಲಿ ಒಮ್ಮೆ ಕಳುವಾದರೆ ಆ ಮಗು ಮತ್ತೆ ಬರುವುದು ಕಷ್ಟ, ಏಕೆಂದರೆ ಮನೆಯಲ್ಲಿ ಏಟು ಬಿದ್ದಿರುತ್ತದೆ.

ಬೀರು ಬೇಡ, ಹಗ್ಗ ಕಟ್ಟಿ

ಬೆನ್ನು ಕಾಣುವಂತೆ ಜೋಡಿಸಿದ ಪುಸ್ತಕ ಓದು ಬಂದವರಿಗೆ ಮಾತ್ರ ಪುಸ್ತಕ. ಓದಲು ಕಲಿಯುತ್ತಿರುವ ಮಗುವಿಗೆ ಮುಖಪುಟ ಕಾಣಬೇಕು. ಗೋಡೆಗೆ ಮೊಳೆ ಹೊಡೆದು ನೆಲದಿಂದ 2, 3 ಮತ್ತು 4 ಅಡಿ ಎತ್ತರದಲ್ಲಿ ಮೂರು ನೈಲಾನ್ ಹಗ್ಗ ಬಿಗಿಯಾಗಿ ಕಟ್ಟಿ, ಬಟ್ಟೆ ಕ್ಲಿಪ್ಪಿನಲ್ಲಿ ಪುಸ್ತಕ ತೂಗುಹಾಕಿ. ಹತ್ತಡಿ ಹಗ್ಗದಲ್ಲಿ 12 ಪುಸ್ತಕ, ಮೂರು ಸಾಲಿಗೆ 36. ಒಂದಕ್ಕೆ ಎರಡರಂತೆ 72 ಕ್ಲಿಪ್ಪು. ಹಗ್ಗ ನಡುವೆ ಜೋತುಬೀಳುತ್ತದೆ, ಹೀಗಾಗಿ ಐದಡಿಗೊಂದು ಮೊಳೆ ಬೇಕು. ದಪ್ಪ ಪುಸ್ತಕ ತೂಗುಹಾಕಿದರೆ ಹೊದಿಕೆ ಹರಿಯುತ್ತದೆ, ಅವನ್ನು ಚಾಪೆಯ ಮೇಲೆ ಹರವಿಡಿ. ಸೋಮವಾರಕ್ಕೊಮ್ಮೆ ಹಗ್ಗದ ಪುಸ್ತಕಗಳನ್ನು ಬದಲಿಸಿ. ಅದೇ ಮುನ್ನೂರು ಪುಸ್ತಕ ಪ್ರತಿ ವಾರ ಹೊಸದಾಗಿ ಕಾಣುತ್ತವೆ.

ಉಳಿದವನ್ನು ತೆರೆದ ಕಬ್ಬಿಣದ ರ‍್ಯಾಕಿನಲ್ಲಿ, ಕೆಳಗಿನ ಹಲಗೆ ನೆಲದಿಂದ ಅರ್ಧ ಅಡಿ ಮೇಲೆ, ಗೋಡೆಯಿಂದ ಎರಡಿಂಚು ದೂರ ಇರುವಂತೆ ಇಡಿ. ಗೋಡೆಗೆ ತಾಗಿಸಿದ ರ‍್ಯಾಕಿಗೆ ಗೆದ್ದಲು ಹತ್ತಿದ್ದು ತಿಳಿಯುವ ಹೊತ್ತಿಗೆ ಒಂದು ಸಾಲು ಮಣ್ಣಾಗಿರುತ್ತದೆ.

ಯಾವ ಪುಸ್ತಕ, ಯಾವ ಭಾಷೆ

ಆರಂಭಕ್ಕೆ ಮುನ್ನೂರು ಸಾಕು. ಅದರಲ್ಲಿ ಅರ್ಧ, ಪುಟಕ್ಕೆ ಒಂದೆರಡು ಸಾಲಿರುವ ತೆಳು ಚಿತ್ರಪುಸ್ತಕಗಳು; ಕಾಲು ಭಾಗ, ಪುಟಕ್ಕೆ ಐದಾರು ಸಾಲಿರುವ ಕಥೆಗಳು; ಉಳಿದ ಕಾಲು ಭಾಗ, ದೊಡ್ಡ ಮಕ್ಕಳಿಗೆ ಪ್ರಾಣಿ, ಯಂತ್ರ, ಕ್ರಿಕೆಟ್, ಒಗಟು, ವಿಜ್ಞಾನದ ಆಟ, ಕಾಮಿಕ್ಸ್. ತುಂಬ ಬೇಡಿಕೆಯ ಹತ್ತು ಹದಿನೈದು ಪುಸ್ತಕಗಳಿಗೆ ಮೂರು ಮೂರು ಪ್ರತಿ ಇರಲಿ. ಗೆಳತಿ ಓದಿದ್ದನ್ನೇ ಓದಬೇಕೆಂಬ ಹಟ ಮಕ್ಕಳದು, ಮುನ್ನೂರು ಬೇರೆ ಬೇರೆ ಹೆಸರಿಗಿಂತ ಆ ಹಟ ಹೆಚ್ಚು ಓದಿಸುತ್ತದೆ. ಪ್ರಥಮ್ ಬುಕ್ಸ್, ನ್ಯಾಷನಲ್ ಬುಕ್ ಟ್ರಸ್ಟ್, ತೂಲಿಕಾ, ನವಕರ್ನಾಟಕ ಇವರ ಪಟ್ಟಿ ತರಿಸಿದರೆ ಕನ್ನಡದ್ದು ಬೇಕಾದಷ್ಟು ಸಿಗುತ್ತದೆ. ತೆಳು ಪುಸ್ತಕಕ್ಕೆ ಅಂದಾಜು 60 ರೂಪಾಯಿಯಂತೆ ಹಿಡಿದರೂ ಮುನ್ನೂರಕ್ಕೆ 18,000.

ಭಾಷೆಯಲ್ಲಿ ಮೈಮರೆಯಬೇಡಿ. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ಪ್ರಾಂತದಲ್ಲಿತ್ತು. ತೆಲುಗು ಇಲ್ಲಿ ಇವತ್ತಿಗೂ ಎಷ್ಟೋ ಮನೆಗಳ ಮಾತು. ಕೌಲ್ ಬಜಾರಿನಲ್ಲಿ ಉರ್ದು. ಮನೆಯಲ್ಲಿ ತೆಲುಗು ಆಡಿ ಶಾಲೆಯಲ್ಲಿ ಕನ್ನಡ ಓದುವ ಮಗು ಕನ್ನಡ ಪುಸ್ತಕವನ್ನು ಗಡಗಡ ಓದಿಬಿಡಬಹುದು. ಅರ್ಥ ಕೇಳಿದರೆ ಮುಖ ನೋಡುತ್ತದೆ. ನೂರಕ್ಕೆ ಮೂವತ್ತಾದರೂ ಉರ್ದು, ತೆಲುಗು ಮತ್ತು ಎರಡು ಭಾಷೆ ಒಟ್ಟಿಗಿರುವ ಪುಸ್ತಕಗಳಿರಲಿ. ದೆಹಲಿಯ ರಾಷ್ಟ್ರೀಯ ಉರ್ದು ಭಾಷಾ ಅಭಿವೃದ್ಧಿ ಮಂಡಳಿ ಉರ್ದುವಿನಲ್ಲಿ ಮಕ್ಕಳ ಪುಸ್ತಕ ತರುತ್ತದೆ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಮೂರೂ ಭಾಷೆಯ ಕಥೆಗಳನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇರುವುದರಿಂದ ಅಚ್ಚು ಹಾಕಿಸಿಕೊಳ್ಳಲು ಯಾರನ್ನೂ ಕೇಳಬೇಕಿಲ್ಲ. 16 ಪುಟದ ಕಥೆಗೆ ಎರಡೂ ಬದಿ ಅಚ್ಚಾದ ನಾಲ್ಕು ಎ4 ಹಾಳೆ. ನಡುವೆ ಮಡಚಿ ಎರಡು ಪಿನ್ನು ಹೊಡೆದರೆ ಪುಸ್ತಕ ಆಯಿತು. ಅಂಗಡಿಯವರಿಗೆ "ಬುಕ್‌ಲೆಟ್ ಥರ ಹಾಕಿ" ಎಂದು ಒತ್ತಿ ಹೇಳಿ, ಇಲ್ಲದಿದ್ದರೆ ಹಾಳೆಯಲ್ಲಿ ಒಂದನೇ ಪುಟದ ಪಕ್ಕಕ್ಕೇ ಎರಡನೆಯದು ಬಂದು, ಮಡಚಿದಾಗ ಕಥೆ ಹಿಂದುಮುಂದಾಗುತ್ತದೆ. ಉರ್ದು ಕಥೆಯಾದರೆ ಪುಸ್ತಕದ ಬೆನ್ನು ಬಲಗಡೆ ಬರುವಂತೆ ಹಾಕಿಸಬೇಕು. ಇದನ್ನು ಮರೆತು ಐವತ್ತು ಪ್ರತಿ ಹಾಳುಮಾಡಿಕೊಳ್ಳುವುದು ಸುಲಭ.

ಪುಸ್ತಕದ ಮಟ್ಟವನ್ನು ಬೆನ್ನಿಗೆ ಅಂಟಿಸಿದ ಬಣ್ಣದ ಟೇಪಿನಿಂದ ತೋರಿಸಿ, ನಾಲ್ಕು ಬಣ್ಣ ಸಾಕು. "3ನೇ ತರಗತಿ" ಎಂದು ಬರೆಯಬೇಡಿ. ಏಳನೆಯಲ್ಲಿದ್ದೂ ಅಕ್ಷರ ಕೂಡಿಸಿ ಓದುವ ಹುಡುಗ ಅದನ್ನು ನಾಲ್ಕು ಜನರೆದುರು ಮುಟ್ಟುವುದಿಲ್ಲ, ಹಸಿರು ಟೇಪಿನದಾದರೆ ಎತ್ತಿಕೊಳ್ಳುತ್ತಾನೆ. ಕನ್ನಡದಲ್ಲಿ ಮಕ್ಕಳು ಎಡವುವುದು ಒತ್ತಕ್ಷರದಲ್ಲಿ. ಕಾಗುಣಿತ ಬಂದು ಒತ್ತಕ್ಷರ ಬಾರದ ಮಕ್ಕಳು ಎಲ್ಲ ಓಣಿಯಲ್ಲೂ ಇದ್ದಾರೆ, ದಪ್ಪ ಗುಂಪು ಅವರದೇ. ಹಾಗಾಗಿ ವಿಂಗಡಿಸುವಾಗ ಪುಟಕ್ಕೆಷ್ಟು ಸಾಲು ಎಂಬುದರ ಜೊತೆ ಪುಟಕ್ಕೆಷ್ಟು ಒತ್ತಕ್ಷರ ಎಂದೂ ಎಣಿಸಿ. ಎರಡು ಮೂರಕ್ಕಿಂತ ಹೆಚ್ಚಿದ್ದರೆ ಮೊದಲ ಬಣ್ಣದಿಂದ ತೆಗೆಯಿರಿ. ಮಗುವಿಗೆ ಪುಸ್ತಕ ಕಷ್ಟವೇ ಎಂದು ನೋಡಲು ಒಂದು ಪುಟ ಓದಿಸಿ, ತಡವರಿಸಿದ ಪದಕ್ಕೊಂದರಂತೆ ಬೆರಳು ಮಡಚಲು ಹೇಳಿ. ಐದೂ ಬೆರಳು ಮಡಚಿದರೆ ಪುಸ್ತಕವನ್ನು ಕಸಿದುಕೊಳ್ಳಬೇಡಿ, ಇನ್ನೊಂದನ್ನೂ ಜೊತೆಗೆ ಕೊಡಿ.

ದಾನದ ಪುಸ್ತಕದ ಬಗ್ಗೆ ಸ್ವಲ್ಪ ಕಟುವಾಗಿರಿ. ಬರುವುದು ಹೆಚ್ಚಾಗಿ ಹಳೇ ಗೈಡು, ಪಠ್ಯಕ್ರಮ ಬದಲಾದ ಪುಸ್ತಕ, ಅಟ್ಟದ ಮೇಲಿನ ಇಂಗ್ಲಿಷ್ ಕಾದಂಬರಿ. "ಬೇಡವಾದದ್ದನ್ನು ರದ್ದಿಗೆ ಹಾಕುತ್ತೇವೆ, ಪರವಾಗಿಲ್ಲವೆ?" ಎಂದು ಮೊದಲೇ ಕೇಳಿ ತೆಗೆದುಕೊಳ್ಳಿ. ಮಗು ಮೂರು ಸಲ ಕೈಹಾಕಿ ಮೂರು ಸಲವೂ ಗೈಡೇ ಸಿಕ್ಕರೆ ನಾಲ್ಕನೇ ಸಲ ಕೈಹಾಕುವುದಿಲ್ಲ.

ಮನೆಗೆ ಕೊಟ್ಟು ಕಳಿಸುವುದು

ಇಲ್ಲಿಯವರೆಗಿನದೆಲ್ಲ ತಯಾರಿ. ಗ್ರಂಥಾಲಯ ನಿಲ್ಲುವುದೂ ಬೀಳುವುದೂ ಇಲ್ಲಿ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯದ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕ ಇರುವುದು ಬಳಕೆಗೆ ಎಂದು. ಆದರೂ ನಮ್ಮಲ್ಲಿ ಪುಸ್ತಕ ಕಾಯುವವನೇ ಒಳ್ಳೆಯ ಗ್ರಂಥಪಾಲಕ ಎಂಬ ನಂಬಿಕೆ ಹೋಗಿಲ್ಲ.

ಸೇರಿಸಿಕೊಳ್ಳಲು ಹೆಸರು, ಓಣಿ, ತಾಯಿಯ ಹೆಸರು ಇಷ್ಟೇ ಕೇಳಿ. ಠೇವಣಿ, ಆಧಾರ್, ಫೋಟೊ, ಪೋಷಕರ ಸಹಿ ಯಾವುದೂ ಬೇಡ. ಐವತ್ತು ರೂಪಾಯಿ ಠೇವಣಿ ನಿಮಗೆ ಸಣ್ಣದು. ಮಗುವಿಗೆ ಅದು ಮನೆಯಲ್ಲಿ ಕೇಳಲಾರದ ಮಾತು. ಸಹಿ ಕೇಳಿದರೆ ಓದು ಬಾರದ ತಾಯಿ "ಯಾವ ಕಾಗದಾನೋ ಏನೋ" ಎಂದು ಮಗುವನ್ನೇ ಹಿಂದಕ್ಕೆ ಕರೆದುಕೊಳ್ಳುತ್ತಾಳೆ.

ಮೊದಲ ಎರಡು ವಾರ ಕೋಣೆಯಲ್ಲೇ ಓದಲಿ, ಮುಖ ಪರಿಚಯವಾಗಲಿ. ಮೂರನೇ ವಾರದಿಂದ ಒಬ್ಬರಿಗೆ ಒಂದು ಪುಸ್ತಕ, ಏಳು ದಿನ. ಲೆಕ್ಕ ಇಡಲು ಹೀಗೆ ಮಾಡಿ: ಪುಸ್ತಕದ ಕೊನೆಯ ಒಳಪುಟಕ್ಕೆ ಅರ್ಧ ಕತ್ತರಿಸಿದ ಕಾಗದದ ಲಕೋಟೆ ಅಂಟಿಸಿ, ಅದರಲ್ಲಿ 3 ಇಂಚಿಗೆ 5 ಇಂಚಿನ ರಟ್ಟಿನ ಚೀಟಿ, ಚೀಟಿಯ ಮೇಲೆ ಪುಸ್ತಕದ ಹೆಸರು, ಸಂಖ್ಯೆ. ಒಯ್ಯುವಾಗ ಮಗುವೇ ಚೀಟಿಯಲ್ಲಿ ತನ್ನ ಹೆಸರು, ತಾರೀಖು ಬರೆದು ಮೇಜಿನ ಡಬ್ಬಿಗೆ ಹಾಕಬೇಕು. ಡಬ್ಬಿಯಲ್ಲಿ ವಾರದ ದಿನಗಳಿಗೆ ರಟ್ಟಿನ ಅಡ್ಡಗೋಡೆ. ತಂದಾಗ ಚೀಟಿ ಮತ್ತೆ ಲಕೋಟೆಗೆ. ಚೀಟಿಯಲ್ಲಿ ಹಿಂದೆ ಓದಿದವರ ಹೆಸರೆಲ್ಲ ಕಾಣುವುದರಿಂದ "ಅಮೀನಾ ಓದ್ಯಾಳ, ನನಗೂ ಬೇಕು" ಎಂಬ ಜಗಳ ಶುರುವಾಗುತ್ತದೆ. ಕಂಪ್ಯೂಟರ್ ಪಟ್ಟಿಯಲ್ಲಿ ಈ ಜಗಳ ಸಿಗುವುದಿಲ್ಲ.

ತಡವಾದರೆ ದಂಡ ಇಲ್ಲ. ಕಳೆದರೂ ಇಲ್ಲ, ಹರಿದರೂ ಇಲ್ಲ. ಹೀಗೆ ಮಾಡಿದರೆ ಪುಸ್ತಕವೆಲ್ಲ ಖಾಲಿಯಾದೀತೆಂಬ ಭಯ ಸಹಜ. ಆದರೆ ದಂಡ ಇರುವಲ್ಲಿ ಆಗುವುದು ನೋಡಿ: ಹತ್ತು ರೂಪಾಯಿ ಬಾಕಿ ಇರುವ ಮಗು ಪುಸ್ತಕವನ್ನೂ ತರುವುದಿಲ್ಲ, ತಾನೂ ಬರುವುದಿಲ್ಲ. ಎರಡೂ ಕೈಬಿಟ್ಟವು. ಅಮೆರಿಕದ ಗ್ರಂಥಾಲಯ ಸಂಘವೂ 2019ರ ಜನವರಿಯಲ್ಲಿ, ದಂಡ ಎಂಬುದು ಸಾಮಾಜಿಕ ಅಸಮಾನತೆಯ ಒಂದು ರೂಪವೆಂದು ಠರಾವು ಮಾಡಿತು. ವರ್ಷಕ್ಕೆ ನೂರಕ್ಕೆ ಹತ್ತು ಹದಿನೈದು ಪುಸ್ತಕ ಹೋಗುತ್ತವೆಂದು ಮೊದಲೇ ಬಜೆಟ್ಟಿನಲ್ಲಿ ಬರೆದಿಡಿ. ಮುನ್ನೂರಕ್ಕೆ ನಲವತ್ತೈದು, 2,700 ರೂಪಾಯಿ. ಒಂದೂ ಕಳೆಯದಿದ್ದರೆ ಸಂತೋಷಪಡಬೇಡಿ, ಪುಸ್ತಕ ಹೊರಗೇ ಹೋಗುತ್ತಿಲ್ಲ ಎಂದೇ ಅದರ ಅರ್ಥ.

ಕಳೆದುಕೊಂಡ ಮಗುವಿನ ಜೊತೆ ಆಡುವ ಮೊದಲ ಮಾತೇ ಎಲ್ಲವನ್ನೂ ನಿರ್ಧರಿಸುತ್ತದೆ. ಮಗು ಬಾಗಿಲಲ್ಲಿ ನಿಂತು "ಅಕ್ಕಾ, ನಮ್ಮ ತಮ್ಮ ಹರದುಬಿಟ್ಟಾನ್ರೀ" ಎಂದರೆ, "ಹೌದಾ, ಇರ್ಲಿ ಬಾ. ಹರದಿದ್ದು ತಂದಿ ಅಲ್ಲಾ, ಅಂಟ್ಸೋಣು. ಅಷ್ಟರೊಳಗ ಇನ್ನೊಂದ ಆರಿಸ್ಕೋ" ಎನ್ನಿ. ಮೂಲೆಯಲ್ಲಿ "ಪುಸ್ತಕದ ದವಾಖಾನಿ" ಎಂದು ಬರೆದ ಒಂದು ಬುಟ್ಟಿ ಇಡಿ. ಹರಿದದ್ದನ್ನು ಮಕ್ಕಳೇ ಅದಕ್ಕೆ ಹಾಕಿ, ಶನಿವಾರ ಕೂತು ಅಂಟಿಸಲಿ. ಬಿಳಿ ಫೆವಿಕಾಲ್, ತೆಳು ಟ್ರೇಸಿಂಗ್ ಹಾಳೆ, ದಪ್ಪ ಸೂಜಿ ಮತ್ತು ದಾರ ಇದ್ದರೆ ಆಯಿತು. ಮೈದಾ ಅಂಟಿಗೆ ಜಿರಳೆ ಬರುತ್ತದೆ. ಸೆಲ್ಲೋಟೇಪು ಬಳ್ಳಾರಿ ಬಿಸಿಲಿಗೆ ಒಂದೇ ಬೇಸಿಗೆಯಲ್ಲಿ ಹಳದಿಗಟ್ಟಿ ಸುಲಿಯುತ್ತದೆ.

ಹರಿಯುವುದನ್ನು ಕಡಿಮೆ ಮಾಡಲು ಈ ಊರಿಗೇ ಹೊಂದುವ ಉಪಾಯ ಜೀನ್ಸ್ ಚೀಲ. ಹೊಲಿಗೆ ಮನೆಗಳಲ್ಲಿ ಕತ್ತರಿಸಿ ಉಳಿದ ತುಂಡು ಬಟ್ಟೆ, ತಿರಸ್ಕೃತ ಪ್ಯಾಂಟು ಸುಲಭವಾಗಿ ಸಿಗುತ್ತವೆ. ದೊಡ್ಡ ಅಳತೆಯ ಪ್ಯಾಂಟಿನ ತೊಡೆಯ ಭಾಗದಿಂದ ಹದಿನಾಲ್ಕು ಇಂಚು ಕತ್ತರಿಸಿ, ಕೆಳಗೆ ಹೊಲಿದು, ಮೇಲಂಚು ಒಂದಿಂಚು ಮಡಚಿ ಹೊಲಿದು, ಸೊಂಟಪಟ್ಟಿಯನ್ನೇ ಹಿಡಿಕೆ ಮಾಡಿ. ಪುಸ್ತಕ ಚೀಲದಲ್ಲೇ ಹೋಗಬೇಕು, ಚೀಲದಲ್ಲೇ ಬರಬೇಕು, ಮನೆಯಲ್ಲಿ ಮೊಳೆಗೆ ತೂಗಬೇಕು. ಒಂದೇ ಕೋಣೆಯ ಮನೆಯಲ್ಲಿ ಪುಸ್ತಕಕ್ಕೆ ಬೇರೆ ಜಾಗ ಎಲ್ಲಿಂದ ಬರಬೇಕು? ಮಗುವಿನ ಅಮ್ಮನೇ ಹೊಲಿದುಕೊಟ್ಟರಂತೂ ಆ ಚೀಲ ಕಳೆಯುವುದಿಲ್ಲ.

ಕಂಕುಳ ಕೂಸು, ದಿನದ ಕಥೆ, ಬಿಸ್ಕತ್ತು

"ಐದು ವರ್ಷದೊಳಗಿನವರಿಗೆ ಪ್ರವೇಶವಿಲ್ಲ" ಎಂಬ ನಿಯಮ ಹೊರಗಟ್ಟುವುದು ಕೂಸನ್ನಲ್ಲ, ಕೂಸನ್ನು ಎತ್ತಿಕೊಂಡು ಬರುವ ಹತ್ತು ವರ್ಷದ ಅಕ್ಕನನ್ನು. ಒಂದು ಮೂಲೆಯಲ್ಲಿ ಚಾಪೆ, ಹತ್ತು ರಟ್ಟಿನ ಪುಸ್ತಕ, ನಾಲ್ಕು ಮರದ ಗೊಂಬೆ ಇಡಿ. ಗಲಾಟೆ ಆಗುತ್ತದೆ. ಆಗಲಿ.

ದಿನವೂ ಒಂದೇ ಹೊತ್ತಿಗೆ ಹದಿನೈದು ನಿಮಿಷ ಗಟ್ಟಿಯಾಗಿ ಓದಿಹೇಳಿ. ಪುಟ ಮಕ್ಕಳ ಕಡೆ ತಿರುಗಿರಲಿ, ಬೆಳಕು ಪುಸ್ತಕದ ಮೇಲೆ ಬೀಳುವಂತೆ ಕೂತುಕೊಳ್ಳಿ. ಹಿಂದಿನ ದಿನವೇ ಎರಡು ಸಲ ಓದಿಕೊಂಡು ಬನ್ನಿ. ಪುಸ್ತಕದ ಕನ್ನಡ ಓದಿ, ನಡುನಡುವೆ ಇಲ್ಲಿನ ಮಾತಿನಲ್ಲಿ, ಬೇಕಾದರೆ ತೆಲುಗು ಉರ್ದುವಿನಲ್ಲಿ ಬಿಡಿಸಿ ಹೇಳಿ. ಮುಗಿದ ಮೇಲೆ "ಈ ಕಥೆಯ ನೀತಿ ಏನು?" ಎಂದು ಕೇಳಲೇಬೇಡಿ, ಕೇಳಿದ ಕ್ಷಣ ಅದು ಶಾಲೆ. ಎಂಟು ಒಂಬತ್ತನೇ ತರಗತಿಯ ಮಕ್ಕಳಿಗೆ ವಾರಕ್ಕೆರಡು ದಿನ ಓದಿಹೇಳುವ ಸರದಿ ಕೊಡಿ. ದೊಡ್ಡ ಮಕ್ಕಳನ್ನು ಉಳಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಪುಟ್ಟವರು "ಅಣ್ಣಾ", "ಆಪಾ" ಎಂದು ಸುತ್ತುವರಿದರೆ ಅವರು ತಪ್ಪಿಸಿಕೊಳ್ಳುವುದು ಕಡಿಮೆ.

ಬಿಸ್ಕತ್ತು ಹಂಚಿದರೆ ಸಂಖ್ಯೆ ಏರುತ್ತದೆ, ನಿಲ್ಲಿಸಿದ ದಿನ ಇಳಿಯುತ್ತದೆ. "ಅತಿ ಹೆಚ್ಚು ಪುಸ್ತಕ ಓದಿದವರಿಗೆ ಬಹುಮಾನ" ಎಂದರೆ ಪುಟ ತಿರುವಿ ತಂದುಕೊಡುವ ಓಟ ಶುರುವಾಗುತ್ತದೆ, ನಿಧಾನ ಓದುವವರು ಮೊದಲ ವಾರವೇ ಸೋತು ಹಿಂದೆ ಸರಿಯುತ್ತಾರೆ. ಓದಿದ ಪುಸ್ತಕದ ಒಂದು ಚಿತ್ರ ಬರೆದು ಗೋಡೆಗೆ ಅಂಟಿಸಲು ಬಿಡಿ, ಸಾಕು.

ಪೋಷಕರು ಕೇಳುವುದು ಟ್ಯೂಷನ್ನು. ಪೂರ್ತಿ ಇಲ್ಲ ಎನ್ನಬೇಡಿ, ಪೂರ್ತಿ ಒಪ್ಪಲೂ ಬೇಡಿ. ಮೊದಲ ಅರ್ಧ ಗಂಟೆ ಹೋಂವರ್ಕಿಗೆ, ಆಮೇಲೆ ಪಾಠಪುಸ್ತಕ ಚೀಲದೊಳಗೆ. ಮಾರ್ಚಿನಲ್ಲಿ ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ರಾತ್ರಿ 7.30ರಿಂದ 9.30 ಕೋಣೆಯನ್ನೂ ದೀಪವನ್ನೂ ಬಿಟ್ಟುಕೊಡಿ. ಟಿವಿ ಇಲ್ಲದ ಎರಡು ಗಂಟೆ ಅವರಿಗೆ ಬೇರೆಲ್ಲೂ ಸಿಗದು.

ಹಣ

1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಮನೆ ಕರದ ಮೇಲೆ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ ಸೇರುತ್ತದೆ. ಅದು ನಗರ ಗ್ರಂಥಾಲಯ ಪ್ರಾಧಿಕಾರಕ್ಕೆ ಹೋಗಬೇಕಾದ ಹಣ. ಹಳ್ಳಿಗಳಲ್ಲಿ 2020ರ "ಓದುವ ಬೆಳಕು" ಅಭಿಯಾನದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 6ರಿಂದ 18 ವರ್ಷದ ಮಕ್ಕಳನ್ನು ಶುಲ್ಕವಿಲ್ಲದೆ ಸೇರಿಸಿಕೊಂಡವು, ನಗರದ ಕೊಳೆಗೇರಿ ಆ ಲೆಕ್ಕಕ್ಕೆ ಬರಲಿಲ್ಲ. ಆದ್ದರಿಂದ ಆರು ತಿಂಗಳು ನಡೆಸಿದ ಮೇಲೆ, ಹೊರಗೆ ಹೋದ ಪುಸ್ತಕಗಳ ಲೆಕ್ಕ ಹಿಡಿದು ವಾರ್ಡಿನ ಸದಸ್ಯರನ್ನೂ ನಗರ ಕೇಂದ್ರ ಗ್ರಂಥಾಲಯದ ಅಧಿಕಾರಿಗಳನ್ನೂ ಕಂಡು ಶಾಖೆಯನ್ನೋ ಪುಸ್ತಕಗಳನ್ನೋ ಲಿಖಿತವಾಗಿ ಕೇಳಿ. ಬಂದುಹೋದವರ ಸಹಿ ಪುಸ್ತಕಕ್ಕಿಂತ ತಿಂಗಳಿಗೆ ಎಷ್ಟು ಪುಸ್ತಕ ಮನೆಗೆ ಹೋದವು ಎಂಬ ಅಂಕಿ ಮಾತಾಡುತ್ತದೆ. ಅರವತ್ತು ಮಕ್ಕಳಿದ್ದರೆ ತಿಂಗಳಿಗೆ 150 ದಾಟಬೇಕು. ಅದಕ್ಕಿಂತ ಇಳಿದರೆ ಪುಸ್ತಕ ಹಳಸಿದೆ ಅಥವಾ ಬಾಗಿಲು ಸರಿಯಾಗಿ ತೆರೆಯುತ್ತಿಲ್ಲ.

ಕಾಣೆಯಾಗುವವರು

ಹನ್ನೆರಡು ದಾಟಿದ ಹೆಣ್ಣುಮಕ್ಕಳು ಸಂಜೆ ಬರುವುದನ್ನು ನಿಲ್ಲಿಸುತ್ತಾರೆ. ಕತ್ತಲಾದ ಮೇಲೆ ಬಿಡುವುದಿಲ್ಲ ಎನ್ನುವ ಮನೆಯ ಜೊತೆ ವಾದ ಬೇಡ. ಭಾನುವಾರ ಬೆಳಿಗ್ಗೆ 10ರಿಂದ 12 ಅವರಿಗೆಂದೇ ತೆರೆಯಿರಿ. ಅದಕ್ಕೂ ಬಾರದವರಿಗೆ ತಂಗಿಯ ಕೈಯಲ್ಲಿ ಎರಡು ಪುಸ್ತಕ ಕಳಿಸಿ. ಗಂಡುಹುಡುಗರು ಗ್ಯಾರೇಜು, ಜೀನ್ಸ್ ವಾಷಿಂಗ್ ಎಂದು ಕೆಲಸಕ್ಕೆ ಹೋಗಲಾರಂಭಿಸುತ್ತಾರೆ. ಒಂದು ದಿನಪತ್ರಿಕೆಯ ಕ್ರೀಡಾಪುಟವನ್ನು ಬಾಗಿಲ ಬಳಿ ತೂಗುಹಾಕಿದರೆ ರಾತ್ರಿ ಒಂದು ಗಳಿಗೆ ನಿಂತು ಹೋಗುತ್ತಾರೆ. ಕೇರಂ ಬೋರ್ಡು ತಂದಿಟ್ಟರೆ ಇನ್ನೂ ಬೇಗ ಬರುತ್ತಾರೆ, ಆದರೆ ಕೋಣೆಯೇ ಅವರದಾಗಿಬಿಡುತ್ತದೆ.

ಮೂರು ವಾರ ಬಾರದವರ ಪಟ್ಟಿಯನ್ನು ಡಬ್ಬಿಯ ಚೀಟಿಗಳಿಂದ ಪ್ರತಿ ಶನಿವಾರ ತೆಗೆಯಿರಿ, ಐದು ಮನೆಗೆ ಹೋಗಿ ಬನ್ನಿ. ಹೋದಾಗ ಪುಸ್ತಕದ ಮಾತು ಎತ್ತಬೇಡಿ. ಹೊಸ ಪುಸ್ತಕ ಕೈಯಲ್ಲಿರಲಿ, ಕೊಟ್ಟು ಬನ್ನಿ. ಹಳೆಯದು ಬಹಳ ಸಲ ತಾನಾಗಿಯೇ ಹೊರಬರುತ್ತದೆ, ಹಾಸಿಗೆಯ ಸುರುಳಿಯಿಂದಲೋ ಹೊಲಿಗೆ ಯಂತ್ರದ ಕೆಳಗಿನಿಂದಲೋ.

ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಮನೆಗಳಿದ್ದರೆ ಮೊದಲೇ ತಿಳಿದುಕೊಳ್ಳಿ. ಹೊರಡುವ ಮುನ್ನ ಆ ಮಕ್ಕಳಿಂದ ಪುಸ್ತಕ ವಾಪಸ್ ಕೇಳುವುದು ವಾಡಿಕೆ. ಹಾಗೆ ಮಾಡಬೇಡಿ, ಇನ್ನೂ ಎರಡು ಕೊಡಿ. ಅವರ ಚೀಟಿಗಳನ್ನು ಡಬ್ಬಿಯಲ್ಲಿ ಬೇರೆ ಅಡ್ಡಗೋಡೆಯ ಹಿಂದೆ, "ಊರಿಗೆ ಹೋಗ್ಯಾರ" ಎಂದು ಬರೆದು ಇಟ್ಟಿರಿ.

ಕೋಣೆಗೆ ಮೂರು ಕೀಲಿಕೈ ಮಾಡಿಸಿ. ಒಂದು ನಿಮ್ಮಲ್ಲಿ, ಒಂದು ಪಕ್ಕದ ಮನೆಯಲ್ಲಿ, ಒಂದು ಒಂಬತ್ತನೇ ತರಗತಿಯ ಜವಾಬ್ದಾರಿಯ ಹುಡುಗಿಯ ಕೈಯಲ್ಲಿ. ನೀವು ಬಾರದ ದಿನವೂ ಬಾಗಿಲು ಹೇಳಿದ ಹೊತ್ತಿಗೇ ತೆರೆಯಬೇಕು.